ಅಂಕ ದಂಡವಾಗಬಾರದೆಂದು ದಂಡವಾದ ಇಬ್ಬರು

ಕಾಲೇಜು ಸೀಟು ಹಂಚುವ ಕೈರೋದ ಮಾನ್ಯ ಅಧಿಕಾರಿಗಳೇ,

ನನ್ನ ಮಗಳು ರಬಾಬ್ ರಕ್ತ ಕಂಡರೆ ತಲೆ ತಿರುಗಿ ಬೀಳುತ್ತಾಳೆ. ಅವಳನ್ನು ತಾವು ದಂತವೈದ್ಯೆ ಮಾಡಲು ಹೊರಟಿದ್ದೀರಿ. ಎರಡು ಸಲ ನಪಾಸಾಗಿದ್ದಾಳೆ. ಈ ಸೆಪ್ಟೆಂಬರಿನಲ್ಲೂ ನಪಾಸಾದರೆ ಕಾಲೇಜಿನಿಂದಲೇ ಹೊರಗೆ. ಸೀಟು ಹಂಚಿದ ತಮಗೆ ಮಾತ್ರ ಯಾವ ಪರೀಕ್ಷೆಯೂ ಇಲ್ಲ.

ತಾಂತಾ ಊರಿನ ನಮ್ಮ ಮನೆಯ ತಾರಸಿಯಲ್ಲಿ ಪಾರಿವಾಳ, ಮೊಲ, ಬಾತುಗಳನ್ನು ಸಾಕಿಕೊಂಡಿದ್ದವಳು ಅವಳು. ಕೃಷಿ ಕಾಲೇಜಿಗೆ ಹೋಗಬೇಕೆಂದಿದ್ದಳು. ದುರದೃಷ್ಟ, ಅಂಕ ಜಾಸ್ತಿ ಬಂದುಬಿಟ್ಟವು! ಫಲಿತಾಂಶದ ದಿನವೇ ಓಣಿಯವರು ಶರಬತ್ತು ಹಂಚಿ ಅವಳನ್ನು ‘ಡಾಕ್ಟರಮ್ಮ’ ಎಂದು ಕರೆಯತೊಡಗಿದರು. ಕೃಷಿಯ ಹೆಸರೆತ್ತಿದ್ದೇ ತಡ, ಅವಳ ಸೋದರಮಾವ ಹಣೆ ಚಚ್ಚಿಕೊಂಡ.

“ಇಷ್ಟೊಂದು ಅಂಕ ಇಟ್ಕೊಂಡು ಕೋಳಿ ಕಾಯ್ತೀಯೇನೇ? ಎಲ್ಲಾ ದಂಡ ಆಗೋಲ್ವಾ?”

ಅರ್ಜಿಯಲ್ಲಿ ಕಾಲೇಜುಗಳ ಆಯ್ಕೆಯನ್ನು ಇಷ್ಟದ ಕ್ರಮದಲ್ಲಲ್ಲ, ಹೆಚ್ಚು ಅಂಕ ಕೇಳುವ ಕಾಲೇಜೇ ಮೊದಲು ಎಂಬ ಕ್ರಮದಲ್ಲಿ ಅವನೇ ತುಂಬಿದ. ನಮ್ಮಲ್ಲಿ ಎಲ್ಲರೂ ಹಾಗೆಯೇ ಮಾಡುತ್ತಾರೆ. ಅಂಕವೆಂದರೆ ಹಳಸುವ ಅನ್ನ, ಇಂದೇ ಖರ್ಚಾಗಬೇಕು ಎಂದು ಜನರಿಗೆ ಕಲಿಸಿದವರು ಯಾರು ಸ್ವಾಮಿ?

ಕೆಳಗಿನ ಮನೆಯ ಹೈಸಮನಿಗೆ ಚಿಕ್ಕಂದಿನಿಂದಲೂ ಹಲ್ಲಿನ ಹುಚ್ಚು. ಓಣಿಯ ಮಕ್ಕಳನ್ನು ಅಳಿಸದೆ ಅವರ ಹಾಲುಹಲ್ಲುಗಳನ್ನೆಲ್ಲ ಕಿತ್ತವನು ಅವನೇ. ಅರ್ಧ ಅಂಕ ಕಡಿಮೆಯಾಯಿತೆಂದು ತಾವು ಅವನನ್ನು ಕೃಷಿಗೆ ಅಟ್ಟಿದಿರಿ. ಈಗ ಕೋಳಿ ರೆಕ್ಕೆ ಬಡಿದರೆ ಸಾಕು, ಮಹಾಶಯ ಬೆಂಚು ಹತ್ತಿ ನಿಲ್ಲುತ್ತಾನೆ.

“ನನ್ನ ಕೋಳಿ ನೀನು ತಗೋ, ನಿನ್ನ ಹಲ್ಲು ನನಗೆ ಕೊಡು,” ಎನ್ನುತ್ತಾನೆ, ಮೆಟ್ಟಿಲಲ್ಲಿ ರಬಾಬ್ ಸಿಕ್ಕಾಗಲೆಲ್ಲ.

“ಹಲ್ಲೇನು ಬಂತೋ, ದವಡೆ ಸಮೇತ ತಗೊಂಡ್ ಹೋಗು!”

ಇಬ್ಬರೂ ನಗುತ್ತಾರೆ. ಆಮೇಲೆ ನನ್ನ ಮಗಳು ಒಳಗೆ ಬಂದು ಅಳುತ್ತಾಳೆ.

ಸೀಟು ಬದಲಿಸಿಕೊಡಿ ಎಂದು ತಮ್ಮ ಕಚೇರಿಗೆ ಬಂದಿದ್ದೆ. ಕಿಟಕಿಯ ಹಿಂದಿದ್ದವರು ಬಹಳ ಕನಿಕರದಿಂದ ಹೇಳಿದರು: “ಅಯ್ಯೋ ಅಮ್ಮಾ, ಕೃಷಿಗೆ ಇಳಿಸಿದ್ರೆ ಮಗಳ ಅಂಕ ದಂಡ ಆಗುತ್ತಲ್ಲ!”

ಆಹಾ, ಏನು ಕಾಳಜಿ! ಅಂಕ ದಂಡವಾಗಬಾರದು, ಮಗಳು ದಂಡವಾದರೆ ಅಡ್ಡಿಯಿಲ್ಲ. ನನ್ನ ಅತ್ತೆಗೆ ಹಲ್ಲುನೋವು ಬಂದರೆ ಮನೆಯ ಡಾಕ್ಟರಮ್ಮನನ್ನು ಬಿಟ್ಟು ಹೈಸಮನ ಬಾಗಿಲು ತಟ್ಟುತ್ತಾರೆ. ಅವರಿಗಿರುವಷ್ಟು ವಿವೇಚನೆ ತಮ್ಮ ಘನ ಇಲಾಖೆಗೆ ಇರಬಾರದೇ?

ಸೆಪ್ಟೆಂಬರಿಗೆ ಮುಂಚೆ ಈ ಇಬ್ಬರ ಸೀಟು ಅದಲುಬದಲು ಮಾಡಿಕೊಡಿ. ಮುಂದಿನ ವರ್ಷದಿಂದ ಅಂಕ ನೋಡುವುದರ ಜೊತೆಗೆ ಮಕ್ಕಳನ್ನೂ ಒಮ್ಮೆ ಮಾತಾಡಿಸಿ. ಆಗದು ಎನ್ನುವುದಾದರೆ, ಹಲ್ಲುನೋವು ಬಂದ ದಿನ ತಾವು ನನ್ನ ಮಗಳ ಬಳಿಗೇ ಬರಬೇಕು. ತಾವೇ ಆರಿಸಿದ ವೈದ್ಯೆ ಅಲ್ಲವೇ? ಇಕ್ಕಳ ಕಂಡು ಭಯವಾದರೆ ಕಣ್ಣು ಮುಚ್ಚಿಕೊಳ್ಳಿ. ಅವಳಂತೂ ಆಗಲೇ ಮುಚ್ಚಿಕೊಂಡಿರುತ್ತಾಳೆ.

ಇಂತಿ,
ಓಣಿಯವರ ಬಾಯಲ್ಲಿ ಇನ್ನೂ ‘ಡಾಕ್ಟರಮ್ಮನ ತಾಯಿ’ಯಾಗಿದ್ದು, ಸದ್ಯ ಮಗಳ ಬಾತುಗಳಿಗೆ ಕಾಳು ಹಾಕುತ್ತಿರುವ
ರಬಾಬಳ ಅಮ್ಮ