ಎರಡನೇ ಸಿಲಿಂಡರ್

ಘೋಡಗೇರಿ, ತಾ. ಹುಕ್ಕೇರಿ
ರವಿವಾರ, 22 ಸೆಪ್ಟೆಂಬರ್ 2024

ಪ್ರೀತಿಯ ಮಗಳು ಅರ್ಚನಾ,

ಆರಾಮ ಇದ್ದೀಯಾ? ಕಾರವಾರದ ಉಪ್ಪುಗಾಳಿಗೆ ಮೈ ತುರಿಸುತ್ತದೆ ಎಂದಿದ್ದೆಯಂತೆ, ಈಗ ಕಡಿಮೆಯಾಯಿತೇ? ಬಂದರಿನಲ್ಲಿ ಎಂಜಿನ್ ಕೆಲಸ ಕಲಿಯುವವರಿಗೆ ಹೊತ್ತಿಗೆ ಸರಿಯಾಗಿ ಊಟ ಸಿಗುತ್ತದೋ ಇಲ್ಲವೋ ಎಂಬುದೇ ನಿಮ್ಮವ್ವನ ಚಿಂತೆ. ಶೇಂಗಾ ಚಟ್ನಿ ಮುಗಿದಿದ್ದರೆ ತಿಳಿಸು. ಫೋನ್ ಬಿಟ್ಟು ಪತ್ರ ಯಾಕೆ ಎಂದು ನಗಬೇಡ. ಇಪ್ಪತ್ತಾರು ವರ್ಷ ಬೋಟಿನ ಎಂಜಿನ್ ಪಕ್ಕದಲ್ಲೇ ಕೂತ ಕಿವಿ ಇದು. ಫೋನಿನಲ್ಲಿ ನಿನ್ನ ಮಾತು ಅರ್ಧ ಕೇಳುತ್ತದೆ, ಉಳಿದರ್ಧಕ್ಕೆ ಸುಮ್ಮನೆ 'ಹೂಂ' ಅನ್ನುತ್ತೇನೆ. ಈ ಸಲದ ಸುದ್ದಿಯನ್ನು ಹಾಗೆ ಅರ್ಧಂಬರ್ಧ ಹೇಳಲು ಮನಸ್ಸಿಲ್ಲ.

ಬೋಟು ಸರಿಯಾಯಿತು, ಮಗಳೇ. ಸರಿ ಮಾಡಿದವಳು ನೀನು.

ನಡೆದದ್ದನ್ನೆಲ್ಲ ನಿಮ್ಮವ್ವ ನಿನಗೆ ಹೇಳಿರಲಾರಳು. ಜೋರಾಗಿ ಓಡುವಾಗ ಎಂಜಿನ್ನಿಗೆ ಏನೂ ಆಗುತ್ತಿರಲಿಲ್ಲ. ದಂಡೆ ಬಂತೆಂದು ವೇಗ ಇಳಿಸಿದರೆ ಸಾಕು, ಚಳಿಜ್ವರ ಬಂದವರ ಹಾಗೆ ಇಡೀ ಬೋಟು ನಡುಗುತ್ತಿತ್ತು. ಡೀಸೆಲ್ ಫಿಲ್ಟರ್ ಬದಲಿಸಿದೆ, ಬೋಲ್ಟುಗಳನ್ನು ಬಿಗಿ ಮಾಡಿದೆ, ಪ್ರಯೋಜನವಾಗಲಿಲ್ಲ. ಹೋದ ಸೋಮವಾರ ಆಚೆ ದಂಡೆಯಿಂದ ಹನ್ನೊಂದು ಜನರನ್ನೂ ಕುರಿ ಕಾಯುವ ಕೆಂಚವ್ವನ ನಾಲ್ಕು ಕುರಿಗಳನ್ನೂ ಹತ್ತಿಸಿಕೊಂಡು ಬರುವಾಗ, ಈಚೆ ದಂಡೆ ಹತ್ತಿರದಲ್ಲೇ ಎಂಜಿನ್ ನಿಂತುಬಿಟ್ಟಿತು. ಹೊಳೆ ತುಂಬಿ ಹರಿಯುತ್ತಿತ್ತು. ಹೊಳೆಗೆ ಅಡ್ಡ ಕಟ್ಟಿದ್ದ ಮುರಿದ ಬಾಂದಾರದ ಕಂಬಗಳ ಕಡೆಗೆ ನೀರು ನಮ್ಮನ್ನು ಎಳೆಯತೊಡಗಿತು. ಹ್ಯಾಂಡಲ್ ತಿರುಗಿಸಿದೆ, ಹತ್ತಲಿಲ್ಲ. ಮತ್ತೆ ತಿರುಗಿಸಿದೆ. ಮೂರನೇ ಸಲ ಹತ್ತಿತು. ಕಂಬ ಕೈಚಾಚಿದರೆ ಸಿಗುವಷ್ಟು ಹತ್ತಿರವಿತ್ತು. ಇಳಿದ ಮೇಲೆ ಕೆಂಚವ್ವ ಹೇಳಿದಳು: "ಬಾಳೇಶಪ್ಪಾ, ನಾ ನೀರಿಗೆ ಅಂಜಂಗಿಲ್ಲ. ನಿನ್ನ ಎಂಜಿನ್ನಿಗೆ ಅಂಜತೇನಿ. ಇದು ಸರಿ ಆಗೂತನಾ ಬೋಟ ಬಿಡಬ್ಯಾಡ."

ಬೋಟು ಕಟ್ಟಿಹಾಕಿದೆ. ಆಚೆ ಹೊಲ ಇದ್ದವರೆಲ್ಲ ಸೇತುವೆ ಸುತ್ತಿ ನಡೆಯಬೇಕಾಯಿತು. ಗೋಕಾಕದಿಂದ ಮೆಕ್ಯಾನಿಕ್ ಸಿದ್ರಾಯ ಬಂದು ನೋಡಿದ. "ಎಂಜಿನ್ನಿಗೆ ವಯಸ್ಸಾಗೈತ್ರಿ. ಪೂರಾ ಬಿಚ್ಚಿ ಕಟ್ಟಬೇಕು, ಇಲ್ಲಾ ಗುಜರಿಗೆ ಹಾಕ್ರಿ" ಎಂದ. ನಿಮ್ಮವ್ವ ನಿನಗೆ ಫೋನ್ ಹಚ್ಚಿದ್ದು ಅವತ್ತೇ. ನೀನು ಹಾಳೆಯ ಮೇಲೆ ಬರೆದು ಫೋಟೋ ಕಳಿಸಿದೆ. "ಅಪ್ಪಾ, ಯಾವ ಸಿಲಿಂಡರ್ ದುಡಿಯಾಕತ್ತಿಲ್ಲ ಅನ್ನೂದನ್ನ ಮೊದಲ ಹುಡಕು. ಬಿಚ್ಚೂದು ಆಮ್ಯಾಲ" ಎಂಬ ಮೊದಲ ಸಾಲನ್ನೇ ನಾನು ಎಷ್ಟು ಸಲ ಓದಿದೆನೋ.

ನೀನು ಹೇಳಿದಂತೆ ಎಂಜಿನ್ ನಿಧಾನಕ್ಕೆ ಬಿಟ್ಟು, ಒಂದೊಂದೇ ಡೀಸೆಲ್ ಪೈಪಿನ ನಟ್ ಸಡಿಲಿಸಬೇಕಿತ್ತು. ಸಪ್ಪಳ ಬದಲಾದರೆ ಆ ಸಿಲಿಂಡರ್ ದುಡಿಯುತ್ತಿದೆ ಎಂದರ್ಥ. ಆದರೆ ಬದಲಾದದ್ದು ನನಗೆ ಕೇಳಬೇಕಲ್ಲ! ನಿಮ್ಮವ್ವ ಸೆರಗು ಸಿಕ್ಕಿಸಿಕೊಂಡು ಬೋಟಿಗೆ ಇಳಿದಳು. "ನೀವು ತಿರಗಸ್ರಿ, ನಾ ಕೇಳತೇನಿ." ಮೊದಲನೆಯದನ್ನು ಸಡಿಲಿಸಿದಾಗ "ಈಗ ನಿಂತೇ ಹೋಗಾಕತ್ತಿತ್ತು ನೋಡ್ರಿ" ಎಂದಳು. ಎರಡನೆಯದಕ್ಕೆ "ಏನೂ ಫರಕ ಇಲ್ರಿ" ಎಂದಳು. ನಿಧಾನಕ್ಕೆ ಓಡುವಾಗ ಎರಡನೆಯದು ದುಡಿಯುತ್ತಲೇ ಇರಲಿಲ್ಲ. ಡೀಸೆಲ್ ಚಿಮ್ಮಿಸುವ ಇಂಜೆಕ್ಟರುಗಳನ್ನು ಅದಲುಬದಲು ಮಾಡಿದೆವು. ದೋಷ ಎರಡನೆಯದರಲ್ಲೇ ಉಳಿಯಿತು, ಅಂದರೆ ಇಂಜೆಕ್ಟರ್ ಸರಿಯಿದೆ. ಕೊನೆಗೆ ವಾಲ್ವಿನ ಸಂದು ಅಳೆಯಬೇಕು ಎಂದು ನೀನು ಬರೆದಿದ್ದೆ. ಗೋಕಾಕಕ್ಕೆ ಹೋಗಿ ಸಿದ್ರಾಯನ ಗೇಜ್ ಪಟ್ಟಿ ಕೇಳಿ ತಂದೆ. ಅವನು ನಿನ್ನ ಹಾಳೆ ಓದಿ, "ತಂಗಿ ಚೊಲೋ ಬರದಾಳ್ರಿ. ನಾನೂ ಹಿಂಗ ನೋಡಬೇಕಾಗಿತ್ತು" ಎಂದ. ಒಳ್ಳೆಯ ಮನುಷ್ಯ.

ಎರಡನೇ ಸಿಲಿಂಡರಿನ ವಾಲ್ವಿನಲ್ಲಿ ಆ ತೆಳು ಪಟ್ಟಿ ಹೋಗಲೇ ಇಲ್ಲ, ಸಂದೇ ಇರಲಿಲ್ಲ. ಬಿಸಿಯಾದಾಗ ವಾಲ್ವ್ ಪೂರ್ತಿ ಮುಚ್ಚದೆ ಒತ್ತಡ ಸೋರಿ ಹೋಗುತ್ತಿತ್ತು. ಶ್ರಾವಣದಲ್ಲಿ ಅದನ್ನು ಬಿಗಿ ಮಾಡಿದವನು ನಾನೇ. ಗೇಜ್ ಪಟ್ಟಿ ಯಾತಕ್ಕೆ, ನನ್ನ ಬೆರಳೇ ಸಾಕು ಎಂದು ಅಂದಾಜಿನಲ್ಲೇ ಮಾಡಿದ್ದೆ. "ಆವಾಗಿಂದ ಸಪ್ಪಳ ಕೆಟ್ಟೈತಿ ಅಂತ ಹೇಳಿರಲಿಲ್ಲೇನ್ರಿ?" ಎಂದಳು ನಿಮ್ಮವ್ವ. ಹೇಳಿದ್ದಳು. ನಾನು 'ಹೂಂ' ಅಂದಿದ್ದೆ. ಹನ್ನೊಂದು ಜೀವಗಳು ಅವತ್ತು ನನ್ನ ಸೊಕ್ಕಿಗೆ ಹೋಗುತ್ತಿದ್ದವು.

ಸಂದು ಸರಿಪಡಿಸಿದ ಮೇಲೆ ಎಂಜಿನ್ ಎಷ್ಟು ನಿಧಾನಕ್ಕೆ ಬಿಟ್ಟರೂ ಸಮನಾಗಿ ಓಡುತ್ತದೆ. ನಿನ್ನೆ ದಂಡೆಯ ಮೇಲೆ ಎಲ್ಲರೆದುರು ತಪ್ಪು ನನ್ನದೇ ಎಂದು ಹೇಳಿಕೊಂಡೆ. ಕೆಂಚವ್ವ ಮೊದಲು ಕುರಿಗಳನ್ನು ಹತ್ತಿಸಿ ತಾನೂ ಹತ್ತಿದಳು. "ನಿನ್ನ ಮಗಳಿಗೆ ಬರಿ, ಅಕಿ ಹೊಟ್ಟಿ ತಣ್ಣಗಿರಲಿ ಅಂತ" ಎಂದಳು. ಬರೆದಿದ್ದೇನೆ. ಇಲ್ಲಿ ಹೊಳೆಯವ್ವ ನಮ್ಮನ್ನು ಕಾಯ್ದಂತೆ ಅಲ್ಲಿ ಸಮುದ್ರ ನಿನ್ನನ್ನು ಕಾಯಲಿ.

ನಿನ್ನ ಅಪ್ಪ,
ಬಾಳೇಶ

ತಾ.ಕ.: ನೀನು ಕಾರವಾರಕ್ಕೆ ಹೊರಟ ದಿನ, ಬೋಟಿನಲ್ಲಿ ಕೆಲಸ ಇದೆ ಎಂದು ಹೇಳಿ ನಿನ್ನನ್ನು ಬಸ್ಸಿಗೆ ಬಿಡಲು ಬರಲಿಲ್ಲ. ಕೆಲಸವೇನೂ ಇರಲಿಲ್ಲ. ಮಗಳು ಗ್ರೀಸಿನ ಕೆಲಸಕ್ಕೆ ಹೊರಟಳು ಎಂದು ಜನ ನಕ್ಕಾರೆಂದು ನಾಚಿ, ಹೊಳೆದಂಡೆಯಲ್ಲಿ ಸುಮ್ಮನೆ ಕೂತಿದ್ದೆ. ದಸರಾ ರಜೆಗೆ ಯಾವ ಬಸ್ಸಿಗೆ ಬರುತ್ತೀ ಬರೆ. ಹುಕ್ಕೇರಿ ಬಸ್ ಸ್ಟ್ಯಾಂಡಿನಲ್ಲಿ ನಾನೇ ನಿಂತಿರುತ್ತೇನೆ.