ಅಂಗೈಗೆ ಕೇಳುವ ಸ್ವರ

ಅಪ್ಪಾ,

ಫೋನಲ್ಲಿ ನಿನಗೆ ಕೇಳಿಸಲ್ಲ, ಅದಕ್ಕೇ ಬರೀತಿದ್ದೀನಿ. ಕರೆಂಟಿನಲ್ಲಿ ನಾದ ಹುಟ್ಟಿಸೋ ಸಿಂಥಸೈಜರ್ ಆರಿಸಿಬಿಟ್ಟೆ! ಅಂಗಡೀಲಿ ಎರಡು ಪುಟ್ಟ ಪೆಟ್ಟಿಗೆ ಇದ್ವು, ಎರಡರಲ್ಲೂ ಒಂದು ಸಲಕ್ಕೆ ಒಂದೇ ಸ್ವರ. ಮೊದಲನೇದು ನಾವು ಕೂಡಿಸಿದ ನಾದಾನ ನೆನಪಿಟ್ಟುಕೊಳ್ಳುತ್ತೆ. ಇನ್ನೊಂದರಲ್ಲಿ ದಿನಾ ಗುಂಡಿ ತಿರುಗಿಸಿ ಹೊಸದಾಗಿ ಹುಡುಕಬೇಕು. ನಮ್ಮ ಬ್ಯಾಂಡಿನವರೆಲ್ಲ ಮೊದಲನೇದೇ ತಗೋ ಅಂದ್ರು.

ನಾನು ಕಿವಿಗೆ ಹತ್ತಿ ತುರುಕಿಕೊಂಡು, ಸ್ಪೀಕರ್ ಮೇಲೆ ಅಂಗೈ ಇಟ್ಟು, ಎರಡನ್ನೂ ನುಡಿಸಿದೆ.

“ಏನಪ್ಪಾ, ಜ್ವರ ನೋಡ್ತಿದ್ದೀಯಾ?” ಅಂದ ಅಂಗಡಿಯವನು.

ಎರಡನೇದರ ತಗ್ಗು ಸ್ವರ ಮೊಣಕೈವರೆಗೂ ಗುಂಯ್ ಅಂತ ಹತ್ತಿತು. ಅದನ್ನೇ ತಗೊಂಡೆ!

ಲೇತ್ ಮೆಷಿನ್ ನಿನ್ನ ಕಿವಿ ತಿಂದ ಮೇಲೇ ನಾನು ನುಡಿಸೋದು ಕಲಿತಿದ್ದು. ನನ್ನ ಒಂದು ಸ್ವರಾನೂ ನೀನು ಕೇಳಿಲ್ಲ.

ಭಾನುವಾರ ಬರ್ತೀನಿ, ಪ್ಲಗ್ ಹತ್ತಿರ ಜಾಗ ಮಾಡಿಡು. ಚೆನ್ನಾಗಿಲ್ಲ ಅಂದ್ರೆ ಬೈದುಬಿಡು. ಇಷ್ಟು ದಿನ ನನಗೆ ಆ ಭಾಗ್ಯಾನೂ ಇರ್ಲಿಲ್ಲ.

ನಿನ್ನ ಗಲಾಟೆ ಮಗ