ಕಂಬಳಿಹುಳದ ದಿನ ಬಂದ ಫೋನ್

೧೮ ಸೆಪ್ಟೆಂಬರ್ ೨೦೧೩, ಬುಧವಾರ
ಬಂಗುಡೆ ಉಪ್ಪಿಗೆ ಹಾಕುತ್ತಿದ್ದೆ. ಎರಡೂ ಕೈ ಉಪ್ಪು. ಫೋನನ್ನು ಹೆಗಲಿಗೆ ಒತ್ತಿಕೊಂಡೆ. ಶಾಲೆ ಆಟೋದ ಚೆನ್ನಯ್ಯ. ನುಗ್ಗೆ ಮರದಡಿ ನಿಲ್ಲಿಸಿದ್ದನಂತೆ, ಸೀಟಿನ ತುಂಬ ಕಂಬಳಿಹುಳ. ಆರೂ ಮಕ್ಕಳು ತುರಿಸಿಕೊಂಡು ಅಳುತ್ತಿವೆ.

"ಜಲಜಕ್ಕ, ಎಂತ ಮಾಡುದ್?"

"ಅಂಗಿ ಬಿಚ್ಚಿ ತೆಂಗಿನೆಣ್ಣಿ ತಿಕ್ಕ್ ಮಾರಾಯ. ಹಾಂಗೇ ಬಿಟ್ರೆ ಗುಳ್ಳಿ ಏಳತ್ತ್."

ಸಂಜೆ ಮಗಳು ನಿಖಿತಾ ಎಣ್ಣೆ ಸೋರಿಸಿಕೊಂಡು ಬಂದಳು. ಸ್ನಾನ ಬೇಡವಂತೆ. ಐದು ವರ್ಷಕ್ಕೇ ಎಷ್ಟು ಹಟ! ಡಾಕ್ಟರಿಗೆ ತೋರಿಸಿದೆ. ಹುಳದ ತುರಿಕೆ ಅಂತ ಚೀಟಿ ಬರೆದರು.

೨೦ ಸೆಪ್ಟೆಂಬರ್
ಆಚೆಮನೆ ಪುಷ್ಪ ಬೆಳಿಗ್ಗೆಯೇ ಬಂದಳು. ಅವಳ ಮಗಳು ಧನ್ಯಶ್ರೀ ಹೇಳಿತಂತೆ — ಚೆನ್ನಯ್ಯ ಮಾಮ ನನ್ನ ಅಂಗಿ ಬಿಚ್ಚಿದ. "ನಿಮ್ ಹೆಣ್ಣಿಗೂ ಎಂತ ಮಾಡಿದ್ನೋ, ಅದ್ರ ಹತ್ರ ಕೇಣಿ."

ಫೋನಿನ ವಿಷಯ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅಂಗಳದಲ್ಲಿ ಇಪ್ಪತ್ತು ಜನ. "ಬಿಚ್ಚುಕೆ ಯಾರ್ ಹೇಳದ್ ಅವ್ನಿಗೆ?" ಯಾರೋ ಕೂಗಿದರು. ಬಾಯಿ ಮುಚ್ಚಿಕೊಂಡೆ.

೨೪ ಸೆಪ್ಟೆಂಬರ್
ಆಟೋ ಸುಟ್ಟರು. ದೂರು ಹನ್ನೊಂದಾಯಿತು. ಆಟೋದಲ್ಲಿ ಕೂತದ್ದೇ ಆರು ಮಕ್ಕಳು! ಚೆನ್ನಯ್ಯ ಲಾಕಪ್ಪಿನಲ್ಲಿ. ಅವನ ಹೆಂಡತಿ ಚಂದ್ರಮತಿ ಬಾಗಿಲಲ್ಲಿ ಕೈ ಮುಗಿದು ನಿಂತಳು.

"ಎಣ್ಣಿ ತಿಕ್ಕುಕೆ ನೀವೇ ಹೇಳದ್ದಂಬ್ರ್... ಹೌದಾ ಜಲಜಕ್ಕ?"

ನಮ್ಮ ಯಜಮಾನರು ಆಗಷ್ಟೇ ಬೋಟಿನಿಂದ ಬಂದಿದ್ದರು. "ನೀನ್ ಸುಮ್ನಿರ್. ನಮ್ ಮನೆಗೂ ಬೆಂಕಿ ಹಾಕ್ತ್ರ್" ಅಂದರು. ಬಾಗಿಲು ಹಾಕಿದೆ. ಹೇಡಿ ನಾನು.

೯ ಜೂನ್ ೨೦೧೪
ಸರ್ಕಾರಿ ವಕೀಲರ ಆಫೀಸು. ನಾಲ್ಕನೇ ಸಲ. ನಿಖಿತಾಳಿಗೆ ಅದೇ ಪ್ರಶ್ನೆ — "ಮತ್ತೆ? ಮತ್ತೆಂತ ಮಾಡ್ದ?" ಏನೂ ಇಲ್ಲ ಅಂದರೆ ಚಾಕೊಲೇಟ್ ಇಲ್ಲ. ಈಗ ಪೂರ್ತಿ ಬಾಯಿಪಾಠ.

ತಡೆಯಲಾಗದೆ ಎಲ್ಲ ಹೇಳಿಬಿಟ್ಟೆ. ಫೋನ್ ಬಂದದ್ದು, ನಾನು ಅಂದದ್ದು. ಡಾಕ್ಟರ ಚೀಟಿಯನ್ನೂ ಕೊಟ್ಟೆ. ಚೀಟಿ ಡ್ರಾಯರಿಗೆ ಹೋಯಿತು.

"ಇದು ಕೋರ್ಟಿಗೆ ಬೇಡಮ್ಮ. ಫೋನ್ ಬಂದದ್ದು ಹೌದು, ಆಟೋ ಪಂಕ್ಚರ್ ಅಂದ. ಅಷ್ಟೇ ಹೇಳಿ. ಇಲ್ಲದಿದ್ರೆ ನೀವೂ ಆರೋಪಿ. ಆಮೇಲೆ ಮಗಳನ್ನು ಯಾರು ನೋಡಿಕೊಳ್ಳುವುದು?"

೧೯ ನವೆಂಬರ್
ಸಾಕ್ಷಿ ಹೇಳಿದೆ. "ಪಂಕ್ಚರ್ ಅಂದ." ಚೆನ್ನಯ್ಯ ಬೈಯುತ್ತಾನೆ ಅಂದುಕೊಂಡೆ. ಬೈದಿದ್ದರೆ ಎಷ್ಟೋ ಒಳ್ಳೆಯದಿತ್ತು.

"ಜಲಜಕ್ಕ, ಒಂಚೂರ್ ನೆನಪ್ ಮಾಡ್ಕಣಿ" ಅಂದ, ಅಷ್ಟೇ.

೨೭ ಫೆಬ್ರವರಿ ೨೦೧೫, ಶುಕ್ರವಾರ
ಚೆನ್ನಯ್ಯನಿಗೆ ಹತ್ತು ವರ್ಷ ಶಿಕ್ಷೆ. ಊರಲ್ಲಿ ಪಟಾಕಿ. ಅನ್ನ ಸೇರಲಿಲ್ಲ. ಸೋಮವಾರ ಕುಂದಾಪುರದ ಕೋರ್ಟಿಗೆ ಹೋಗಿ ನಿಜ ಹೇಳಿಬಿಡುತ್ತೇನೆ. ಏನಾದರೂ ಆಗಲಿ.

೨ ಮಾರ್ಚ್, ಸೋಮವಾರ
ಹೋಗಲಿಲ್ಲ.

೩ ಅಕ್ಟೋಬರ್, ಸಂಜೆ ೫
ಒಣಹಾಕಿದ ಫ್ರಾಕಿನಲ್ಲಿ ಕಂಬಳಿಹುಳ ಇತ್ತು. ನಿಖಿತಾ ಹಾಕಿಕೊಂಡವಳೇ ಕಿರುಚಿದಳು. ಎಣ್ಣೆ ಬಾಟ್ಲಿ ಹಿಡಿದು ಓಡಿದೆ, ಹುಕ್ಕಿಗೆ ಕೈ ಹಾಕಿದೆ. ಗೋಡೆಗೆ ಒತ್ತಿ ನಿಂತಳು.

"ಬಿಚ್ಚಬ್ಯಾಡ! ಎಣ್ಣಿ ಬ್ಯಾಡ! ನಾ ವಕೀಲ್ರಿಗೆ ಹೇಳ್ತೆ!"

ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡಿದ್ದಾಳೆ. ಅರ್ಧ ಗಂಟೆಯಾಯಿತು. ತುರಿಸಿಕೊಂಡು ಅಳುವುದು ಕೇಳುತ್ತಿದೆ. ಹೊರಗೆ ಕೂತು ಬರೆಯುತ್ತಿದ್ದೇನೆ, ಪುಟಕ್ಕೆಲ್ಲ ಎಣ್ಣೆ. ಸೋಮವಾರ ಕೋರ್ಟಿಗೆ ಅಂತ ಮತ್ತೆ ಬರೆಯಲು ನಾಚಿಕೆ. ಮೊದಲು ಇವಳಿಗೆ ಹೇಳಬೇಕು. ಚೆನ್ನಯ್ಯ ಮಾಮ ಏನೂ ಮಾಡಲಿಲ್ಲ ಮಗಾ, ಅವತ್ತು ಹಾಗೆ ಮಾಡು ಅಂದದ್ದು ಅಮ್ಮನೇ... ನಂಬುತ್ತಾಳಾ?

ಚಿಲಕದ ಸದ್ದು. ಬಂದಳು. ಎಲ್ಲಿಂದ ಶುರು ಮಾಡ—